ಅಕ್ಕನ ದನಿಯಲ್ಲಿ ಬೋರ್ಡು ನಡೆಸಿದ್ದು

ನಮ್ಮ ಟೆಲಿಫೋನ್ ಎಕ್ಸ್‌ಚೇಂಜಿನ ಬೋರ್ಡನ್ನು ತಯಾರು ಮಾಡಿದ ಪುಣ್ಯಾತ್ಮನ ಮನೆಯಲ್ಲಿ ಬಸುರಿ ಹೆಂಗಸರು ಇದ್ದಿರಲಿಕ್ಕಿಲ್ಲ. ಇದ್ದಿದ್ದರೆ ತಂತಿಯ ಬಳ್ಳಿ ಚುಚ್ಚುವ ತೂತುಗಳ ಮೇಲಿನ ಸಾಲನ್ನು ಅಷ್ಟು ಎತ್ತರಕ್ಕೆ, ಕೀಲಿಗಳ ಹಲಗೆಯನ್ನು ಅಷ್ಟು ಮುಂದಕ್ಕೆ ಇಡುತ್ತಿರಲಿಲ್ಲ. ನಮ್ಮ ಹಗಲಿನ ಆಪರೇಟರ್ ಅಕ್ಕನಿಗೆ ಏಳನೆಯ ತಿಂಗಳು ಹಿಡಿದಾಗ ಅವಳ ಹೊಟ್ಟೆಗೂ ಹಲಗೆಗೂ ನಡುವೆ ಬೆರಳು ತೂರುವಷ್ಟೂ ಜಾಗವಿರಲಿಲ್ಲ. ಮೇಲಿನ ಸಾಲಿಗೆ ಬಳ್ಳಿ ಚುಚ್ಚಬೇಕೆಂದರೆ ಎತ್ತರದ ಸ್ಟೂಲಿನಿಂದ ಅರ್ಧ ಎದ್ದು, ಎಡಗೈಯಿಂದ ಹೊಟ್ಟೆ ಹಿಡಿದು, ಬಲಗೈ ಚಾಚಬೇಕು. ಚಾಚಿದಾಗಲೆಲ್ಲ ಅವಳ ಬಾಯಿಂದ ಒಂದು 'ಹಾಂ' ಬರುತ್ತಿತ್ತು. ಫೋನಿನ ಆ ಕಡೆ ಇದ್ದವರು ಅದು ತಮಗೇ ಅಂದದ್ದೆಂದು ತಿಳಿದು 'ಹಾಂ ಅಕ್ಕಾ' ಅನ್ನುತ್ತಿದ್ದರು.

ಊರಿನ ಹೆಸರು ಬರೆಯುವುದಿಲ್ಲ. ಹುನಗುಂದದಿಂದ ಇಳಕಲ್ಲಿಗೆ ಹೋಗುವವರು ಬಸ್ಸಿನಲ್ಲಿ ತೂಕಡಿಸುತ್ತ ದಾಟುವ ಊರು ಅಂದರೆ ಸಾಕು. ಎಂಬತ್ತರ ದಶಕದ ಮೊದಲ ವರ್ಷಗಳು. ಚಂದಾದಾರರು ತಮ್ಮ ಮನೆಯ ಫೋನಿನ ಹಿಡಿಕೆ ಗರಗರ ತಿರುಗಿಸಿದರೆ ನಮ್ಮ ಬೋರ್ಡಿನಲ್ಲಿ ಅವರ ನಂಬರಿನ ಸಣ್ಣ ತಗಡು 'ಟಪ್' ಎಂದು ಬೀಳುತ್ತಿತ್ತು. ನಾವು ಅವರ ತೂತಿಗೆ ಒಂದು ಬಳ್ಳಿ ಚುಚ್ಚಿ, ಯಾರು ಬೇಕೆಂದು ಕೇಳಿ, ಇನ್ನೊಂದು ಬಳ್ಳಿಯನ್ನು ಆ ಯಾರೋ ಇರುವ ತೂತಿಗೆ ಚುಚ್ಚಿ ಗಂಟೆ ಬಾರಿಸಬೇಕು. ಸೊಲ್ಲಾಪುರ, ಮುಂಬಯಿಗೆ ಟ್ರಂಕ್ ಕಾಲ್ ಬೇಕೆಂದವರು ಬುಕ್ ಮಾಡಿ ಕಾಯಬೇಕು. ಕಾಯುವವರು ಸುಮ್ಮನೆ ಕಾಯುವುದಿಲ್ಲ, ಹಿಡಿಕೆ ತಿರುಗಿಸುತ್ತಲೇ ಕಾಯುತ್ತಾರೆ. ಹೀಗಾಗಿ ಹಗಲೆಲ್ಲ ತಗಡುಗಳು ಜೋಳ ಹುರಿದಂತೆ ಸಿಡಿಯುತ್ತಿದ್ದವು.

ಬೋರ್ಡಿಗೆ ಮೂರು ಜನ. ಹಗಲಿನ ಪಾಳಿ ಅಕ್ಕನದು. ಬೆಳಗಿನ ಜಾವ ಮತ್ತು ಸಂಜೆ ನನ್ನದು, ರಾತ್ರಿ ನಿವೃತ್ತಿಯ ಹೊಸ್ತಿಲಲ್ಲಿದ್ದ ಕಾಕಾನದು. ತಂತಿ, ಕಂಬ, ಬ್ಯಾಟರಿಗಳಿಗೆ ಒಬ್ಬ ಮೆಕ್ಯಾನಿಕ್. ನಮ್ಮೆಲ್ಲರ ಮೇಲೆ ಬಾಗಲಕೋಟೆಯಲ್ಲಿ ಕೂತ ಸಾಹೇಬರು. ಅವರು ಮೈಸೂರು ಸೀಮೆಯವರು, ಗ್ರಂಥ ಓದಿದಂತೆ ಬೈಯುತ್ತಿದ್ದರು.

ನಾನೆಂದರೆ ನೇಕಾರರ ಮನೆಯ ಹುಡುಗ. ಮಗ್ಗದ ಸದ್ದನ್ನು ಬಾಯಲ್ಲೇ ಮಾಡಿ, ಅಪ್ಪ ನೇಯುತ್ತಿದ್ದಾನೆಂದು ಅವ್ವನನ್ನು ನಂಬಿಸಿ, ಅಪ್ಪನಿಗೆ ಚಹಾದಂಗಡಿಗೆ ಹೋಗಲು ಬಿಡುವು ಮಾಡಿಕೊಡುತ್ತಿದ್ದವನು. ಯಾರ ದನಿ ಕೇಳಿದರೂ ನನ್ನ ಗಂಟಲಲ್ಲಿ ಅದು ಬಾಡಿಗೆಗೆ ಬಂದು ಕೂಡುತ್ತಿತ್ತು. ಸಾಹೇಬರ 'ಏನ್ರೀ ಇದೂ', ಮಾತಿಗೊಮ್ಮೆ ಕೆಮ್ಮುವ ಸೀರೆ ಸಾವಕಾರರು, ಹಲ್ಲಿಲ್ಲದ ಕಾಕಾ, ಎಲ್ಲರೂ ನನ್ನಲ್ಲಿದ್ದರು. ಬಾಡಿಗೆದಾರರೇ ತುಂಬಿದ ಮನೆಯಲ್ಲಿ ಮಾಲೀಕ ಎಲ್ಲಿ ಮಲಗುತ್ತಿದ್ದ ಎಂದು ಆಗ ಯೋಚಿಸಿರಲಿಲ್ಲ.

ಅಕ್ಕನಿಗೆ ಹಿಂದೊಮ್ಮೆ ಬಸಿರು ನಿಂತು, ಇಳಿದು ಹೋಗಿತ್ತು. ಈ ಸಲ ಅವಳ ಅತ್ತಿ ಬೀರಪ್ಪನಿಗೆ ಹರಕೆ ಹೊತ್ತು, ದಿನಾ ಬೆಳಿಗ್ಗೆ ಸೊಸೆಯ ಹಣೆಗೆ ಭಂಡಾರದ ಅರಿಸಿನ ಹಚ್ಚಿ ಕಳಿಸುತ್ತಿದ್ದಳು. ಗಂಡ ಬದಾಮಿಯ ಕಡೆ ಮಾಸ್ತರರು, ಶನಿವಾರ ಬಂದು ಸೋಮವಾರ ಹೋಗುವವರು. ಹುನಗುಂದದ ಡಾಕ್ಟರಬಾಯಿ ಅಕ್ಕನ ಕಾಲಿನ ಬಾವು ಒತ್ತಿ ನೋಡಿ, ರಕ್ತದ ಒತ್ತಡ ಅಳೆದು, ಉಪ್ಪು ಬಿಡಲು ಹೇಳಿದರು. ಮಧ್ಯಾಹ್ನ ಎಡಮಗ್ಗುಲಾಗಿ ಮಲಗಬೇಕು, ಮನಸ್ಸಿಗೆ ತ್ರಾಸು ಮಾಡಿಕೊಳ್ಳಬಾರದು ಎಂದರು.

"ಅದನ್ನಷ್ಟ ನಮ್ಮ ಬೋರ್ಡಿಗೂ ಒಂದ ಸಲ ಹೇಳ್ರಿ ಬಾಯಾರ ಅಂದೆ," ಎಂದು ಅಕ್ಕ ಬಂದು ಹೇಳಿದಳು. "ನಗಲಿಲ್ಲ ನೋಡು ಆಕಿ. ರಜಾ ತಗೋ ಅಂದ್ಲು."

"ತಗೋ ಮತ್ತ."

"ಈಗ ತಗೊಂಡ್ರ ಹಡದ ಮ್ಯಾಲೆ ಏನ್ ಮಾಡ್ಲಿ? ಎಳೀ ಕೂಸಿನ್ನ ಕೊರಳಿಗೆ ಕಟಗೊಂಡು ಬಳ್ಳಿ ಚುಚ್ಚಲಿ? ಮಂದಿ ಏನಂತಾರ ಗೊತ್ತೇನ? ಕೂಸು ಬೇಕಿದ್ರ ನೌಕರಿ ಬಿಡು ಅಂತಾರ. ನನಗ ಎರಡೂ ಬೇಕೋ ತಮ್ಮಾ. ಕೂಸೂ ಬೇಕು, ಬೋರ್ಡೂ ಬೇಕು."

ಆ ಊರಿನಲ್ಲಿ ಸಂಬಳ ತರುವ ಹೆಂಗಸು ಅವಳೊಬ್ಬಳೇ ಆಗಿರಲಿಲ್ಲ. ಆದರೆ ಊರಿಗೆ ಊರೇ ಹೆಸರು ಹಿಡಿದು ಕರೆಯದೆ 'ಅಕ್ಕಾ' ಅನ್ನುತ್ತಿದ್ದುದು ಅವಳೊಬ್ಬಳನ್ನೇ. ಯಾರೂ ಅವಳಿಗೆ ನಂಬರು ಹೇಳುತ್ತಿರಲಿಲ್ಲ. "ಅಕ್ಕಾ, ನಮ್ಮ ಬೀಗರಿಗೆ ಹಚ್ಚು" ಅನ್ನುತ್ತಿದ್ದರು. ಅವಳು ಹಚ್ಚುತ್ತಿದ್ದಳು.

ಎರಡನ್ನೂ ಉಳಿಸಿಕೊಳ್ಳುವ ಉಪಾಯಗಳನ್ನು ನಾವೇ ಕಂಡುಹಿಡಿಯತೊಡಗಿದೆವು. ಮೊದಲು ಕಾಲಿಗೆ. ಖಾಲಿ ಬ್ಯಾಟರಿ ಪೆಟ್ಟಿಗೆಯೊಂದನ್ನು ಬೋರಲು ಹಾಕಿ ಮೇಲೆ ಗೋಣಿ ಹಾಸಿದೆವು, ಕಾಲು ಇಳಿಬೀಳುವುದು ತಪ್ಪಿತು. ಆಮೇಲೆ ಎದೆಗೆ. ಮಾತಾಡುವ ಕೊಳವೆಯನ್ನು ತಗಡಿನ ಫಲಕಕ್ಕೆ ಕೂಡಿಸಿ ಕೊರಳಿಗೆ ನೇತು ಹಾಕಿಕೊಳ್ಳುವ ಪದ್ಧತಿ ನಮ್ಮದು. ಆ ಫಲಕ ಅವಳ ಹೊಟ್ಟೆಯ ಮೇಲೆ ಕೂತು, ಒಳಗಿನ ಕೂಸು ಒದ್ದಾಗಲೆಲ್ಲ ಅಲುಗಾಡುತ್ತಿತ್ತು. ಮೆಕ್ಯಾನಿಕ್ ಬೋರ್ಡಿನ ನೆತ್ತಿಗೆ ಮೊಳೆ ಹೊಡೆದು, ಫಲಕವನ್ನು ದಾರದಿಂದ ಅವಳ ಬಾಯಿಯ ಮಟ್ಟಕ್ಕೆ ಇಳಿಬಿಟ್ಟ. "ಬಾಂವ್ಯಾಗ ಕೊಡ ಬಿಟ್ಟಂಗಾತು," ಎಂದು ಅಕ್ಕ ನಕ್ಕಳು. ಅದೂ ನಡೆಯಿತು.

ಮೂರನೆಯ ಉಪಾಯ ನನ್ನದು, ಹೀಗಾಗಿ ಕೆಟ್ಟಿತು. ಹೆಚ್ಚು ಗದ್ದಲ ಮಾಡುವ ಚಂದಾದಾರರೆಲ್ಲ ಮೇಲಿನ ಸಾಲಿನಲ್ಲಿದ್ದರು: ಸೀರೆ ಸಾವಕಾರರು, ಅಡತಿ ಅಂಗಡಿಗಳು, ಪೊಲೀಸ್ ಠಾಣೆ. ಹೊರಗಿನ ತಂತಿಗಳು ಬಂದು ಸೇರುವ ಚೌಕಟ್ಟಿನಲ್ಲಿ ಜೋಡಣೆ ಬದಲಿಸಿದರೆ ಅವರನ್ನೆಲ್ಲ ಕೆಳಗಿನ ಸಾಲಿಗೆ ತರಬಹುದು. ಅಕ್ಕ ಕೈ ಚಾಚುವುದೇ ಬೇಡ. ಮೆಕ್ಯಾನಿಕ್ ಒಂದು ಆದಿತ್ಯವಾರ ಬೆಸುಗೆ ಹಾಕಿ ಬದಲಿಸಿದ. ಬೋರ್ಡಿನ ಮೇಲಿನ ಅಚ್ಚಿನ ನಂಬರುಗಳಿಗೆ ನಾನು ಕಾಗದದ ಚೂರು ಅಂಟಿಸಿ ಹೊಸ ನಂಬರು ಬರೆದೆ. ಅಂಟಿಗೆ ಅನ್ನದ ಗಂಜಿ. ರಾತ್ರಿ ಜಿರಲೆಗಳು ಊಟ ಮುಗಿಸಿದವು. ನಸುಕಿನಲ್ಲಿ, ನಾನು ಪಾಳಿಗೆ ಬರುವ ಮೊದಲೇ, ಠಾಣೆಯ ಫೌಜದಾರರು ಪ್ರವಾಸಿ ಮಂದಿರದಲ್ಲಿ ಇಳಿದಿದ್ದ ತಮ್ಮ ಮೇಲಧಿಕಾರಿಯನ್ನು ಕೇಳಿದರೆ, ಕಾಕಾ ಅಚ್ಚಿನ ನಂಬರು ನಂಬಿ ಸೀರೆ ಸಾವಕಾರರ ಹೆಂಡತಿಗೆ ಜೋಡಿಸಿದ. ಫೌಜದಾರರು 'ಜೈ ಹಿಂದ್ ಸರ್' ಅಂದರು. ಆ ತಾಯಿ 'ಯಾರ ಮನಿಯಾಂವಪಾ ನೀ?' ಅಂದಳು. ಆ ಸಂಜೆಯೇ ಎಲ್ಲ ಜೋಡಣೆಗಳನ್ನೂ ಮರಳಿ ಹಳೆಯ ಜಾಗಕ್ಕೆ ಹಾಕಿದ್ದಾಯಿತು.

ಅಕ್ಕ ಬಾಗಲಕೋಟೆಗೆ ಬರೆದು, ಕೆಲವು ವಾರಕ್ಕೆ ಬದಲಿ ಆಪರೇಟರ್ ಒಬ್ಬರನ್ನು ಕೇಳಿದಳು. ವಿಚಾರ ಮಾಡುತ್ತೇವೆ ಎಂಬ ಉತ್ತರ ಬಂತು. ಅವರು ವಿಚಾರ ಮಾಡುತ್ತಿರುವಾಗ ಅವಳ ಕಾಲು ಚಪ್ಪಲಿಯಲ್ಲಿ ಹಿಡಿಯದಾಯಿತು.

ಆಗ ನಾನು ಮಧ್ಯಾಹ್ನ, ನನ್ನ ಬಿಡುವಿನ ಹೊತ್ತಿನಲ್ಲಿ, ಅವಳ ಸ್ಟೂಲಿನಲ್ಲಿ ಕೂಡಲು ಶುರು ಮಾಡಿದೆ. ಅವಳು ಹಿಂದಿನ ಸಾಮಾನಿನ ಕೋಣೆಯಲ್ಲಿ ಕೌದಿ ಹಾಸಿ ಎಡಮಗ್ಗುಲಾಗಿ ಮಲಗಬೇಕು. ಹಾಜರಿಯಲ್ಲಿ ಮಾತ್ರ ಬೋರ್ಡಿನ ಮೇಲೆ ಅವಳೇ. ನಡುವೆ ಒಂದು ಹಲಗೆಯ ಗೋಡೆ, ಎಲ್ಲ ಕೇಳುತ್ತಿತ್ತು.

ಮೊದಲ ದಿನ ನನ್ನ ದನಿಯಲ್ಲೇ ಉತ್ತರಿಸಿದೆ.

"ಯಾರಲೇ ನೀ?" ಸೀರೆ ಸಾವಕಾರರು ಕೆಮ್ಮಿದರು. "ಅಕ್ಕಗ ಕೊಡು."

"ನಾನ ಹಚ್ತೇನ್ರಿ ಸಾವಕಾರ್ರ, ಯಾರು ಬೇಕು?"

"ನಿನಗೇನ್ ತಿಳೀತೈತಿ? ಸೊಲ್ಲಾಪುರದಾಗ ನನ್ನ ಸೀರಿ ಕೊಳ್ಳೂ ಪೇಢಿ ಯಾವುದಂತ ಅಕ್ಕಗ ಗೊತ್ತು. ಕೊಡಲೇ ಆಕಿಗೆ!"

ವಾದ ಬೆಳೆಯಿತು, ಅಷ್ಟರಲ್ಲಿ ಉಳಿದ ತಗಡುಗಳು ಟಪಟಪ ಬಿದ್ದವು, ಗೋಡೆಯಾಚೆ ಅಕ್ಕ "ಅಯ್ಯ, ಬಿಡು ನಾ ಬರ್ತೀನಿ" ಎಂದು ಎದ್ದು ಬಂದಳು. ಮರುದಿನವೂ ಅದೇ. ಮೂರನೆಯ ದಿನ ತಗಡು ಬೀಳುತ್ತಿದ್ದಂತೆ ನನ್ನ ಬಾಯಿಂದ ತಾನಾಗಿಯೇ ಅಕ್ಕ ಬಂದಳು: ಮೆಲ್ಲಗೆ, ಮೂಗಿನಿಂದ ತುಸು, ಕೊನೆಗೆ ಎಳೆತ. "ಹೇಳ್ರಿ ಅಣ್ಣಾರ."

"ಅಕ್ಕಾ, ಸೊಲ್ಲಾಪುರ."

"ಪೇಢಿಗೇನ್ರಿ, ಮನಿಗೇನ್ರಿ?"

"ಪೇಢಿಗೆ. ಅಕ್ಕಾ, ಆ ಹುಡುಗನ್ನ ಬೋರ್ಡಿನ ಮ್ಯಾಲೆ ಕುಂದರಸಬ್ಯಾಡ. ಭಾಳ ಉಡಾಳ ಅದಾನ ಅಂವ."

"ಖರೆ ಅದರಿ. ಭಾಳ ಉಡಾಳ."

ಗೋಡೆಯಾಚೆ ಅಕ್ಕ ಬಾಯಿಗೆ ಸೆರಗು ತುರುಕಿಕೊಂಡು ನಕ್ಕಳು. "ಲೇ, ನಾ ಹಿಂಗ ಮಾತಾಡ್ತೀನೇನು? ಎಮ್ಮಿ ಕರದಂಗ?" ಎಂದು ಕೇಳಿ, ಆಮೇಲೆ ನಿದ್ದೆ ಹೋದಳು. ಕಾಲಿನ ಬಾವು ಆ ವಾರ ಸ್ವಲ್ಪ ಇಳಿಯಿತು. ನಾನು ಊರೆಲ್ಲ ಎದೆ ಉಬ್ಬಿಸಿ ತಿರುಗಿದೆ. ಹೆಂಗಸಿನ ದನಿ ಬಂದ ಮೇಲೆ ಎದೆಯೂ ಉಬ್ಬಲೇಬೇಕಲ್ಲ ಎಂದು ಕಾಕಾ ಹಲ್ಲಿಲ್ಲದೆ ನಕ್ಕ. ನನ್ನನ್ನು 'ಅಕ್ಕೋರ' ಎಂದು ಕರೆಯತೊಡಗಿದ.

ಹೀಗೆ ನಡೆಯುತ್ತಿರುವಾಗ ಒಂದು ಮಧ್ಯಾಹ್ನ ಬಾಗಲಕೋಟೆಯ ಟ್ರಂಕ್ ಲೈನಿನಲ್ಲಿ ಸಾಹೇಬರೇ ಬಂದರು. ಬೋರ್ಡು ಎಷ್ಟು ಬೇಗ ಉತ್ತರಿಸುತ್ತದೆಂದು ಆಗಾಗ ಹೀಗೆ ಕರೆದು ಪರೀಕ್ಷಿಸುವುದು ಅವರ ರೂಢಿ. ನಾನು ತಕ್ಷಣ ಉತ್ತರಿಸಿದೆ, ಅಕ್ಕನಾಗಿ.

"ಪರವಾಗಿಲ್ಲಮ್ಮಾ, ಚುರುಕಾಗಿದೀರಿ," ಅಂದರು. "ಬದಲಿ ಆಪರೇಟರ್ ಬೇಕು ಅಂತ ಬರೆದಿದ್ರಲ್ಲ. ಇಲ್ಲಿ ಒಬ್ಬರೇ ಇರೋದು. ಬದಾಮಿ ಕಡೆಯವರೂ ಕೇಳ್ತಿದಾರೆ. ಅದಕ್ಕೇ ವಿಚಾರಿಸೋಣ ಅಂತ. ಹೇಗಿದೀರಿ ಈಗ?"

ಇಲ್ಲಿ ನಡೆದದ್ದನ್ನು ವಿವರಿಸುವುದು ಕಷ್ಟ. ಒಬ್ಬರ ದನಿ ಹಿಡಿದರೆ ದನಿಯಷ್ಟೇ ಬರುವುದಿಲ್ಲ, ಅವರ ಅಭ್ಯಾಸವೂ ಬರುತ್ತದೆ. ಕೆಮ್ಮುವವರ ದನಿ ತೆಗೆದರೆ ಕೆಮ್ಮು ಬಂದೇ ಬರಬೇಕು. 'ಹೆಂಗದೀ ಅಕ್ಕಾ' ಎಂದು ದಿನಕ್ಕೆ ನೂರು ಜನ ಕೇಳುತ್ತಿದ್ದರು, ನೂರು ಜನಕ್ಕೂ ಅವಳದು ಒಂದೇ ಉತ್ತರ. ನಾನು ವಿಚಾರ ಮಾಡುವ ಮೊದಲೇ ನನ್ನ ಬಾಯಿ ಅದನ್ನು ಹೇಳಿಬಿಟ್ಟಿತ್ತು:

"ಆರಾಮ ಅದೀನ್ರಿ ಸರ್."

"ಸಂತೋಷ. ದನಿ ಕೇಳಿದ್ರೇ ಗೊತ್ತಾಗುತ್ತೆ. ಹಾಗಾದ್ರೆ ಬದಾಮಿಗೆ ಕಳಿಸ್ಬಿಡ್ತೀನಿ." ಲೈನ್ ಕಡಿಯಿತು.

ನಾನು ಬಳ್ಳಿ ಕಿತ್ತು ಹಿಂದಕ್ಕೆ ಓಡಿದೆ. ಅಕ್ಕ ಎದ್ದು ಕೂತಿದ್ದಳು, ಎಲ್ಲ ಕೇಳಿಸಿತ್ತು. ಬೈಯುತ್ತಾಳೆಂದು ಕಾದೆ. ಅವಳು ಕೌದಿಯ ಹೊಲಿಗೆಯನ್ನು ಉಗುರಿನಿಂದ ಕೆದಕುತ್ತ, "ನಾ ಇದ್ರೂ ಅದನ್ನ ಅಂತಿದ್ದೆ ಬಿಡು," ಎಂದಳು.

"ತಿರುಗಿ ಹಚ್ತೀನಿ ಅಕ್ಕಾ. ಖರೆ ಹೇಳೂಣು."

"ಏನಂತ ಹೇಳ್ತಿ? ಈಗಷ್ಟ ಆರಾಮ ಇದ್ದಾಕಿ ಅರ್ಧಾ ತಾಸಿನ್ಯಾಗ ಬ್ಯಾನಿ ಬಿದ್ಲು ಅಂತ? ಬಿಡು. ಇನ್ನೇನ್ ಸ್ವಲ್ಪ ದಿನ. ಹಿಂಗ ದೂಡೂಣು."

ದೂಡಿದೆವು. ಬೋರ್ಡು ಹಿಂದೆಂದಿಗಿಂತ ಚೆನ್ನಾಗಿ ನಡೆಯಿತು. ನನ್ನ ಇಂದಿನ ಪಶ್ಚಾತ್ತಾಪದ ಬೇರು ಅಲ್ಲೇ ಇದೆ: ಅಷ್ಟು ಚೆನ್ನಾಗಿ ನಡೆಸಬಾರದಿತ್ತು. ನಾಲ್ಕು ಜನ ಕಾಯ್ದು, ನಾಲ್ಕು ದೂರು ಬಾಗಲಕೋಟೆಗೆ ಹೋಗಿದ್ದರೆ ಬದಲಿ ಹುಡುಗಿ ಬದಾಮಿಯ ಬಸ್ಸಿನ ಬದಲು ನಮ್ಮ ಬಸ್ಸು ಹತ್ತುತ್ತಿದ್ದಳು. ನಾವೆಲ್ಲ ಸೇರಿ ಅಕ್ಕನ ತ್ರಾಸನ್ನು ಹೊರಗಿನವರಿಗೆ ಕಾಣದಂತೆ ಎಷ್ಟು ಅಚ್ಚುಕಟ್ಟಾಗಿ ಮುಚ್ಚಿದೆವೆಂದರೆ, ಕೊನೆಗೆ ನಮಗೂ ಅದು ಕಾಣದಾಯಿತು.

ಗಂಡಸಿನ ಗಂಟಲು ಹೆಂಗಸಿನ ದನಿಯನ್ನು ಎಷ್ಟು ದಿನ ಹೊತ್ತೀತು? ನನ್ನದು ಒಡೆಯಿತು. ಮೊದಲು ಕೆರೆತ, ಆಮೇಲೆ ಗೊಗ್ಗರು, ಕೊನೆಗೆ ಬರೀ ಗಾಳಿ. ಅರಿಸಿನ ಹಾಲು, ಜೀರಿಗೆ ನೀರು, ಕಾಕಾನ ನಶ್ಯ, ಯಾವುದಕ್ಕೂ ಬಗ್ಗಲಿಲ್ಲ. ನನ್ನ ಎರಡೂ ಪಾಳಿಗಳನ್ನು ಕಾಕಾ ಹಿಡಿದ. ಅಕ್ಕ ಮಧ್ಯಾಹ್ನವೂ ಸ್ಟೂಲಿಗೆ ಮರಳಿದಳು.

ಸಂತೆಯ ದಿನ ಅದು. ಹಿಂದಿನ ಸಂಜೆಯ ಗಾಳಿಗೆ ಇಳಕಲ್ಲಿನ ಕಡೆಯ ಕಂಬವೊಂದು ವಾಲಿ ಆ ಲೈನ್ ಸತ್ತಿತ್ತು, ಮೆಕ್ಯಾನಿಕ್ ಅಲ್ಲಿಗೆ ಹೋಗಿದ್ದ. ಉಳಿದ ಒಂದೇ ಟ್ರಂಕಿಗೆ ಊರೆಲ್ಲ ಜೋತುಬಿದ್ದಿತ್ತು. ನಾನು ಬಿಸಿನೀರಿನ ಲೋಟ ಹಿಡಿದು ಮೂಲೆಯಲ್ಲಿ ಕೂತಿದ್ದೆ. ಅಕ್ಕ ಒಂದು ಬಳ್ಳಿ ಎತ್ತಿ, ಬೋರ್ಡಿನ ಮುಂದೆ ಹಿಡಿದು, ಚುಚ್ಚದೆ ಹಾಗೇ ನಿಂತಳು.

"ಏನಾತ?" ಎಂದೆ, ಗಾಳಿಯಲ್ಲಿ.

"ನಂಬರ ಕಾಣವಲ್ದು. ಕಿಡಿ ಕಿಡಿ ಹಾರಾಕತ್ತಾವ. ತಲಿ ಒಡದಂಗ ಆಗೈತಿ."

ಸ್ಟೂಲಿನಿಂದ ಅವಳನ್ನು ಇಳಿಸಿ ಕೌದಿಯ ಮೇಲೆ ಮಲಗಿಸಿದೆ. ಮುಖ ಊದಿತ್ತು, ಬಳೆಗಳು ಕೈಯಲ್ಲಿ ಕಚ್ಚಿದ್ದವು. ಬೋರ್ಡಿಗೆ ಬಂದು, ನಡೆಯುತ್ತಿದ್ದ ಟ್ರಂಕ್ ಮಾತನ್ನು ನಡುವೆಯೇ ಕಡಿದು, ಹುನಗುಂದದ ದವಾಖಾನೆಗೆ ಹಚ್ಚಿದೆ. ಡಾಕ್ಟರಬಾಯಿ ಪೂರ್ತಿ ಕೇಳಲೇ ಇಲ್ಲ. "ಇಲ್ಲಿ ತರಬ್ಯಾಡ್ರಿ. ಸೀದಾ ಬಾಗಲಕೋಟಿ ದೊಡ್ಡ ದವಾಖಾನಿಗೆ ಒಯ್ರಿ. ಈಗಿಂದೀಗ." ಮಾತು ಕಡಿಸಿಕೊಂಡವರು ಸೀರೆ ಸಾವಕಾರರೇ. ಬೈಯಲು ಹಿಡಿಕೆ ತಿರುಗಿಸಿದರು. "ಅಕ್ಕಗ ಆರಾಮಿಲ್ಲ, ಜೀಪ್ ಕಳಸ್ರಿ," ಎಂದು ಉಸುರಿದೆ. ಅವರು ಕೆಮ್ಮಲೂ ಇಲ್ಲ. ದಾರಿಯಲ್ಲಿ ಅವಳ ಅತ್ತಿಯನ್ನು ಹತ್ತಿಸಿಕೊಂಡು ಜೀಪು ಬಂತು.

ಜೀಪಿಗೆ ಕಾಯುವಾಗ ಅಕ್ಕ ಕಣ್ಣಿನ ಮೇಲಿನ ಸೆರಗು ಸರಿಸದೆ ಅಂದಳು, "ಸಾಹೇಬರಿಗೆ ನಾನ ಹೇಳ್ತೀನಿ, ಎಲ್ಲಾ ಮುಗದ ಮ್ಯಾಲೆ. ನೀ ಸುಮ್ನಿರು. ತಿಳೀತಿಲ್ಲೋ?"

ಹೂಂ ಅಂದೆ. ಅವಳೂ ಅತ್ತಿಯೂ ಹೋದ ಮೇಲೆ ಖಾಲಿ ಸ್ಟೂಲಿನಲ್ಲಿ ಕೂತೆ. ಬೋರ್ಡಿನ ತಗಡುಗಳೆಲ್ಲ ಬಿದ್ದು ಹಲ್ಲು ಕಿರಿದಿದ್ದವು. ಬಾಗಲಕೋಟೆಯಲ್ಲಿ ಅವಳನ್ನು ಇಳಿಸಿಕೊಳ್ಳಲು ಯಾರಾದರೂ ಬೇಕು, ಬದಾಮಿಯ ಕಡೆಯ ಮಾಸ್ತರರಿಗೆ ಸುದ್ದಿ ಮುಟ್ಟಬೇಕು, ಇಲ್ಲಿ ಬೋರ್ಡಿಗೆ ಜನ ಬೇಕು. ಮೂರಕ್ಕೂ ಸಾಹೇಬರೇ ದಾರಿ. 'ಅಕ್ಕನಿಗೆ ಆರಾಮಿಲ್ಲ' ಎಂದಷ್ಟೇ ಹೇಳಿದ್ದರೂ ಸಾಕಿತ್ತು. ನಾನು ಸಾಹೇಬರನ್ನು ಕರೆದು, ಒಡೆದ ನನ್ನದೇ ದನಿಯಲ್ಲಿ, ಇಷ್ಟು ದಿನ ನೀವು ಕೇಳಿದ್ದು ನನ್ನನ್ನು, ಅಕ್ಕನನ್ನಲ್ಲ, ಅವಳು ಹಿಂದೆ ಮಲಗಿರುತ್ತಿದ್ದಳು, ಎಂದು ಎಲ್ಲವನ್ನೂ ಹೇಳಿದೆ.

ಯಾಕೆ ಎಲ್ಲವನ್ನೂ ಹೇಳಿದೆ? ಸಿಟ್ಟಿನಿಂದ ಎಂದು ಆಗ ಅಂದುಕೊಂಡೆ: ದನಿ ಕೇಳಿದರೇ ಗೊತ್ತಾಗುತ್ತದೆ ಎಂದಿದ್ದರಲ್ಲ. ಈಗ ಅನಿಸುತ್ತದೆ, ಅದರಲ್ಲಿ ಸ್ವಲ್ಪ ಹೆಮ್ಮೆಯೂ ಇತ್ತು. ಅಂಥ ಹೊತ್ತಿನಲ್ಲೂ ನಕಲಿಗನಿಗೆ ಚಪ್ಪಾಳೆ ಬೇಕಾಗಿತ್ತು.

ಸಾಹೇಬರು ಯಾವ ಆಸ್ಪತ್ರೆಯೆಂದಷ್ಟೇ ಕೇಳಿದರು. ಆಮೇಲೆ, "ಆಸ್ಪತ್ರೆಗೆ ನಾನೇ ಹೋಗ್ತೀನಿ. ಅಲ್ಲಿ ನನಗೆ ಗೊತ್ತಿರೋರಿದಾರೆ," ಎಂದರು. ಹೋದರು ಕೂಡ. ಮಾಸ್ತರರಿಗೆ ಸುದ್ದಿ ಮುಟ್ಟಿಸಿದರು, ರಕ್ತ ಬೇಕಾದಾಗ ಕಚೇರಿಯ ಇಬ್ಬರನ್ನು ಕಳಿಸಿದರು. ಅವರನ್ನು ಕೆಟ್ಟವರೆಂದು ಬರೆಯಲು ನನಗೆ ಆಗುವುದಿಲ್ಲ. ಬರೆಯಲು ಆಗಿದ್ದರೆ ಸಲೀಸಾಗಿತ್ತು. ಹೊಟ್ಟೆ ಕೊಯ್ದು ಕೂಸು ತೆಗೆದರು. ಹೆಣ್ಣು, ಎಂಟರಲ್ಲೇ ಹುಟ್ಟಿದ್ದು, ಅಂಗೈಯಲ್ಲಿ ಹಿಡಿಯುವಷ್ಟು. ಬಹಳ ದಿನ ಅರಳೆಯಲ್ಲಿ ಸುತ್ತಿಟ್ಟಿದ್ದರು. ಉಳಿಯಿತು. ಅಕ್ಕನೂ ಉಳಿದಳು.

ಬೋರ್ಡು ಉಳಿಯಲಿಲ್ಲ. ಸಾಹೇಬರು ದವಾಖಾನೆಯ ಕೆಲಸ ಎಷ್ಟು ನಿಷ್ಠೆಯಿಂದ ಮಾಡಿದರೋ ಕಚೇರಿಯ ಕೆಲಸವನ್ನೂ ಅಷ್ಟೇ ನಿಷ್ಠೆಯಿಂದ ಮಾಡಿದರು. ಬೋರ್ಡಿನ ಮೇಲೆ ಯಾರ ಪಾಳಿಯೋ ಜವಾಬ್ದಾರಿ ಅವರದು, ಹಾಗಂತ ನಿಯಮ. ಪಾಳಿಯಲ್ಲಿದ್ದು ಸ್ಟೂಲು ಬಿಟ್ಟವಳು ಅವಳು. ಬಿಡುವಿನಲ್ಲಿದ್ದು ಬೋರ್ಡು ಮುಟ್ಟಿದ ನಾನು ಬರೀ ಅಧಿಕಪ್ರಸಂಗಿ. ನನಗೆ ಒಂದು ಬೈಗುಳ, ಒಂದು ಎಚ್ಚರಿಕೆ. ಅವಳನ್ನು ಬೋರ್ಡಿನಿಂದ ತೆಗೆದು ಬಾಗಲಕೋಟೆಯ ಕಚೇರಿಯ ಕಾಗದದ ಕೆಲಸಕ್ಕೆ ಹಾಕಿದರು. ಸಾಕ್ಷಿ ಬೇರೆ ಬೇಕಾಗಲಿಲ್ಲ, ಎಲ್ಲವನ್ನೂ ನಾನೇ ಹೇಳಿದ್ದೆನಲ್ಲ. ಅಂಥ ಕೂಸನ್ನು ಕಟ್ಟಿಕೊಂಡು, ಗಂಡನೊಂದು ಊರಲ್ಲಿ, ಅತ್ತಿಯೊಂದು ಊರಲ್ಲಿ, ಅವಳೊಂದು ಊರಲ್ಲಿ ಇರುವುದು ಆಗದೆ ನೌಕರಿ ಬಿಟ್ಟಳು.

ಕೆಲವು ತಿಂಗಳ ಮೇಲೆ, ದನಿ ಮರಳಿ ಬಂದ ನಂತರ, ನೋಡಲು ಹೋದೆ. ಅಮೀನಗಡದಲ್ಲಿ ಇಳಿದು ಬಾಣಂತಿಗೆಂದು ಕರದಂಟು ಕಟ್ಟಿಸಿಕೊಂಡೆ. ಬದಾಮಿಯಿಂದ ಮಹಾಕೂಟದ ದಾರಿಯಲ್ಲಿ ಮಾಸ್ತರರ ಸಾಲಿಯ ಹಿಂದಿನ ಮನೆ. ದಾರಿಯುದ್ದಕ್ಕೂ ನಗಿಸುವ ಮಾತುಗಳನ್ನು ಜೋಡಿಸಿಕೊಂಡು ಹೋಗಿದ್ದೆ. ಅಕ್ಕ ಬಾಗಿಲಲ್ಲಿ ನಿಂತು "ಬಾ" ಎಂದಾಗ ಅವನ್ನೆಲ್ಲ ಬಿಟ್ಟು ಕರದಂಟಿನ ಪೊಟ್ಟಣ ಮುಂದೆ ಹಿಡಿದೆ.

ಚಹಾ ಕೊಟ್ಟಳು. ಹೊಸ ಹುಡುಗಿ ಹೇಗಿದ್ದಾಳೆಂದು ಕೇಳಿದಳು. ನಂಬರು ಹೇಳದಿದ್ದರೆ ಯಾರಿಗೂ ಹಚ್ಚುವುದಿಲ್ಲ ಎಂದೆ.

"ಪಾಪ, ಆಕಿಗೇನ್ ಗೊತ್ತು, ಯಾರ ಬೀಗರು ಯಾರು ಅಂತ," ಎಂದಳು. ಆಮೇಲೆ ಒಲೆಯ ಮುಂದೆ ರೊಟ್ಟಿಯ ಹಿಟ್ಟು ನಾದುತ್ತ, "ನೀ ಹೇಳಿದ್ದು ತಪ್ಪಲ್ಲ. ಆದ್ರ ನಾ ಹೇಳ್ತೀನಿ ಅಂದಿದ್ನಲ್ಲೋ. ಅಷ್ಟರ ನನಗ ಬಿಡಬೇಕಿತ್ತು."

ತೊಟ್ಟಿಲಲ್ಲಿ ಕೂಸು ಎದ್ದು ಅಳತೊಡಗಿತು. ಅಕ್ಕನ ಕೈಯಲ್ಲಿ ಹಿಟ್ಟು ಮೆತ್ತಿತ್ತು. ನಾನು ತೊಟ್ಟಿಲು ತೂಗಿದೆ. ಸಾಹೇಬರ ದನಿ ತೆಗೆದೆ, ಕಾಕಾನ ದನಿ ತೆಗೆದೆ. ಅಳು ಏರಿತು. ಯಾವ ದನಿಗೆ ಸುಮ್ಮನಾಗುತ್ತದೆಂದು ನನಗೆ ಗೊತ್ತಿತ್ತು. ಬಾಯಿ ತೆರೆದೆ.

"ಬ್ಯಾಡ," ಎಂದಳು ಅಕ್ಕ, ಒಲೆಯ ಮುಂದಿನಿಂದ ತಿರುಗದೆಯೇ. "ಇಕಿ ಮುಂದ ನನ್ನ ದನಿ ತಗೀಬ್ಯಾಡ."

ಕೂಸು ನನ್ನನ್ನೇ ನೋಡುತ್ತ ಅಳುತ್ತಿತ್ತು. "ತಪ್ಪಾತವ್ವಾ," ಎಂದೆ ಅದಕ್ಕೆ, ನನ್ನ ದನಿಯಲ್ಲಿ. ಒಲೆಯ ಕಡೆಗೂ ಕೇಳಲೆಂದು ಇನ್ನೊಮ್ಮೆ ಎಂದೆ.

ಅಕ್ಕ ಕೈ ತೊಳೆದುಕೊಂಡು ಬಂದು ಕೂಸನ್ನು ಎತ್ತಿಕೊಂಡಳು. "ಕತ್ತಲಾದ್ರ ಬಸ್ ಸಿಗೂದಿಲ್ಲ," ಎಂದಳು. "ಹೋಗಿನ್ನ."